ಇನ್ನೊಬ್ಬರ ಬಾಗಿಲಿನ ಆಣೆ

ಉತ್ತರಕ್ರಿಯೆಯ ಬೊಜ್ಜ ಮುಗಿದು ನೆಂಟರೆಲ್ಲ ಅವರವರ ಊರಿಗೆ ಹೋದ ಮೇಲಿನ ಮೊದಲ ಸೋಮವಾರ, ಮೂಡಬಿದಿರೆಯ ಬಾಡಿಗೆ ಮನೆಯ ಗೇಟಿಗೆ ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಸಿಕ್ಕಿಸಿ ಹೋಗಿದ್ದ. ಒಂದು ಸಾಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅಕ್ಷಿತಾ ಒಂದನ್ನು ಒಲೆಯ ಮೇಲಿಟ್ಟು ಇನ್ನೊಂದನ್ನು ಫ್ರಿಜ್ಜಿನೊಳಗೆ ಇಡುವಷ್ಟರಲ್ಲಿ ಶಿಶಿರನ ಫೋನು ಬಡಿಯಿತು.

ಎಂಟು ದಿನದ ಡೆಂಗೆ ಜ್ವರದಲ್ಲಿ ಹೋದ ಗಂಡನ ಫೋನನ್ನು ಅವಳು ದಿನಾ ಚಾರ್ಜಿಗೆ ಹಾಕುತ್ತಿದ್ದಳು. ಪರದೆಯ ಮೇಲೆ 'ಜೆ. ಪಾಣೆಮಂಗಳೂರು' ಎಂದಿತ್ತು. ಎತ್ತುವ ಮೊದಲು ಅವಳ ಬೆರಳು ಹಳೆಯ ಕರೆಗಳ ಪಟ್ಟಿಗೆ ಹೋಯಿತು. ಜೂನ್ ತಿಂಗಳೊಂದರಲ್ಲೇ ಆ ಹೆಸರಿನಿಂದ ಹತ್ತೊಂಬತ್ತು ಕರೆ. ಶಿಶಿರ ಒಂದನ್ನೂ ಎತ್ತಿರಲಿಲ್ಲ.

"ಹಲೋ," ಎಂದಳು.

ಆ ಕಡೆಯಿಂದ ಹೆಣ್ಣು ದನಿ. "ಟೀಚರಾ? ನಾನು ಜುಲೈಕಾ. ಸಾರ್‌ನ ವಿಷಯ ಪೇಪರಿನಲ್ಲಿ ನೋಡಿದೆವು. ಕಾರ್ಯವೆಲ್ಲ ಮುಗಿಯಲಿ, ಆಮೇಲೆ ಮಾತಾಡು ಅಂತ ಉಮ್ಮ ಹೇಳಿದರು. ಸಾರ್ ನಮ್ಮ ಒಂದು ಪುಸ್ತಕ ಕೊಂಡೋಗಿದ್ರು. ಕೆಂಪು ರಟ್ಟಿನದ್ದು."

"ಯಾವ ಪುಸ್ತಕ?"

"ನಿಮಗೆ ಹೇಳಲಿಲ್ವಾ?" ಎಂದಳು ಜುಲೈಕಾ. "ಮಳೆ ಹಿಡಿಯುವ ಮೊದಲು ಕೊಡ್ತೇನೆ ಅಂತ ಮಾತು ಕೊಟ್ಟಿದ್ರು. ಸಿಕ್ಕಿದರೆ ಯಾರಿಗೂ ತೋರಿಸಬೇಡಿ ಟೀಚರ್. ನಿಮ್ಮ ಬೆಳ್ತಂಗಡಿಯ ಮಾವನವರಿಗಂತೂ ಬೇಡವೇ ಬೇಡ."

ಫೋನಿಟ್ಟು ಹಾಲು ಇಳಿಸಿ ಹತ್ತು ನಿಮಿಷವಾಗಿರಲಿಲ್ಲ, ಬೆಳ್ತಂಗಡಿಯ ಮಾವನದೇ ಕರೆ ಬಂತು. ಜಯಪ್ರಕಾಶ್ ಶಿಶಿರನ ಸೋದರಮಾವ, ಅತ್ತೆ ನೀಲಾವತಿಯ ತಮ್ಮ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆಯಲ್ಲಿ ಮಾವನ ಮಾತೇ ಮಾತು. ಊರಿನ ಸ್ವಾತಂತ್ರ್ಯೋತ್ಸವ ಸಮಿತಿಯ ಕಾರ್ಯದರ್ಶಿಯೂ ಅವರೇ.

"ತಿಂಡಿ ಆಯ್ತಾ ಅಕ್ಷಿತಾ? ಅಕ್ಕ ಏನಾದರೂ ತಿಂದಳಾ?"

"ಆಯ್ತು ಮಾವ."

"ಹದಿನೈದನೇ ತಾರೀಕಿಗೆ ಸ್ಮರಣ ಸಂಚಿಕೆ ಹೊರಗೆ ಬರಬೇಕು. ನಮ್ಮ ದೇಜಪ್ಪಜ್ಜನ ಬಗ್ಗೆ ಶಿಶಿರ ಬರೆದ ಲೇಖನ ಅವನ ಲ್ಯಾಪ್‌ಟಾಪಿನಲ್ಲಿ ಉಂಟು. ಅದು ಬೇಕು. ಮತ್ತೆ ಒಂದು ಹಳೆಯ ಪುಸ್ತಕ ಉಂಟು, ಕೆಂಪು ರಟ್ಟು. ಅದನ್ನೂ ತೆಗೆದಿಡು. ಮಧ್ಯಾಹ್ನ ಬರ್ತೇನೆ."

"ಅದು ಯಾರದ್ದು?"

"ನಮ್ಮಜ್ಜನ ಹೆಸರು ಇರುವ ಪುಸ್ತಕ ಮತ್ತೆ ಯಾರದ್ದಾದೀತು ಮಾರಾಯ್ತಿ?"

ಒಂದೇ ಪುಸ್ತಕಕ್ಕೆ ಎರಡು ಮನೆ, ಎರಡೂ ಕಡೆ ಅವಸರ. ಶಿಶಿರ ಕಾಲೇಜಿನಲ್ಲಿ ಚರಿತ್ರೆಯ ಮೇಷ್ಟ್ರು. ತಂದ ಪುಸ್ತಕ ಯಾವುದಾದರೂ ಊಟದ ಮೇಜಿನ ಮೇಲೆ ಹರಡಿಕೊಂಡು, ಸಾರಿನ ಪಾತ್ರೆ ಇಡಲೂ ಜಾಗ ಬಿಡದೆ, ಅವಳಿಂದ ಬೈಸಿಕೊಳ್ಳುವವನು. ಅಂಥವನು ಇದೊಂದನ್ನು ಮಾತ್ರ ಬಾಯಿ ಬಿಡದೆ ಯಾಕೆ ಇಟ್ಟುಕೊಂಡಿದ್ದ? ಅಕ್ಷಿತಾ ಕಪಾಟು ಹುಡುಕಿದಳು, ಮಂಚದ ಅಡಿ ಹುಡುಕಿದಳು. ಕೊನೆಗೆ ಸಿಕ್ಕಿದ್ದು ಅವಳ ಧಾರೆ ಸೀರೆಯ ಪೆಟ್ಟಿಗೆಯಲ್ಲಿ, ಸೀರೆಯ ಮಡಿಕೆಯೊಳಗೆ. ಮದುವೆಯಾಗಿ ಐದು ವರ್ಷದಲ್ಲಿ ಆ ಪೆಟ್ಟಿಗೆಯನ್ನು ಅವಳು ಎರಡು ಸಲ ತೆಗೆದಿದ್ದಳೋ ಏನೋ. ಅದು ಅವನಿಗೂ ಗೊತ್ತಿತ್ತು. ಪೆಟ್ಟಿಗೆಯಲ್ಲಿ ನುಸಿಗುಳಿಗೆ ಇತ್ತು, ಹುಳ ಹಿಡಿಯದು, ಅದಕ್ಕೇ ಇಟ್ಟಿರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದನ್ನು ಅವಳೇ ನಂಬಲಿಲ್ಲ.

ಮೊದಲ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ '೧೯೨೧ನೇ ಇಸವಿ, ಸ್ವರಾಜ್ಯ ಖಿಲಾಫತ್ ಸಭೆ, ಪ್ರಮಾಣದ ಪಟ್ಟಿ' ಎಂದಿತ್ತು. ಅದರಡಿಯಲ್ಲಿ ಪ್ರಮಾಣ: ಪರದೇಶದ ಬಟ್ಟೆ ಮುಟ್ಟುವುದಿಲ್ಲ, ಹೆಂಡದಂಗಡಿಯ ಗುತ್ತಿಗೆ ಹಿಡಿಯುವುದಿಲ್ಲ, ನಮ್ಮ ವ್ಯಾಜ್ಯವನ್ನು ಬ್ರಿಟಿಷ್ ಸರಕಾರದ ಕೋರ್ಟಿಗೆ ಕೊಂಡೊಯ್ಯುವುದಿಲ್ಲ. ಮುಂದಿನ ಹಾಳೆಗಳಲ್ಲಿ ನಲವತ್ತೊಂದು ಹೆಸರು. ಇಪ್ಪತ್ತೆರಡು ಹಿಂದೂಗಳು, ಹತ್ತೊಂಬತ್ತು ಬ್ಯಾರಿ ಮುಸ್ಲಿಮರು. ಪ್ರತಿ ಹೆಸರಿನ ಮುಂದೆ ಆಣೆ ಹಾಕಿದ ಸ್ಥಳ, ರುಜು, ಷರಾ. ಬರೆದವನು ಪಾಣೆಮಂಗಳೂರಿನ ಅಕ್ಕಿ ವ್ಯಾಪಾರಿ ಇದಿನಬ್ಬ.

ಪುಸ್ತಕದೊಳಗೆ ಶಿಶಿರನ ಲೇಖನದ ಪ್ರಿಂಟು ಮಡಚಿಟ್ಟಿತ್ತು. ಅಕ್ಷಿತಾ ಅದನ್ನೇ ಮೊದಲು ಓದಿದಳು. ಚೆಂದದ ಲೇಖನ. ಹಿಂದೂಗಳು ಸ್ವರಾಜ್ಯವನ್ನು ತಮ್ಮ ಧರ್ಮದ ಕೆಲಸವೆಂದು ತಿಳಿದರು, ಮುಸ್ಲಿಮರು ಖಿಲಾಫತ್ತನ್ನು ತಮ್ಮ ದೀನಿನ ಕರ್ತವ್ಯವೆಂದು ತಿಳಿದರು; ಇಬ್ಬರೂ ತಮ್ಮ ತಮ್ಮ ಬಾಗಿಲಿನಿಂದ ಹೊರಟು ಒಂದೇ ಬೀದಿಯಲ್ಲಿ ಸೇರಿದರು. ಉದಾಹರಣೆಗೆ ದೇಜಪ್ಪ ತನ್ನ ದೈವದ ಚಾವಡಿಯಲ್ಲಿ ಆಣೆ ಹಾಕಿದ, ಇದಿನಬ್ಬ ಹೊಳೆಬದಿಯ ದರ್ಗಾದಲ್ಲಿ. ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ ಅವಳೂ ಶಿಶಿರನೂ ಎಂ.ಎ. ಓದುವಾಗ ಮೇಷ್ಟ್ರುಗಳು ಇದನ್ನೇ ಹೇಳುತ್ತಿದ್ದರು.

ಆಮೇಲೆ ಅವಳು ಪಟ್ಟಿ ಓದಿದಳು. ಒಮ್ಮೆ ಓದಿ, ಬೆರಳಿಟ್ಟು ಮತ್ತೊಮ್ಮೆ ಓದಿದಳು. ದೇಜಪ್ಪ: ದರ್ಗಾ. ಇದಿನಬ್ಬ: ದೈವದ ಚಾವಡಿ. ಕೆಳಗಿನ ಸೇಸಪ್ಪ: ದರ್ಗಾ. ಅವನ ಕೆಳಗಿನ ಮಯ್ಯದ್ದಿ: ದೈವದ ಚಾವಡಿ. ಇಪ್ಪತ್ತೆರಡು ಹಿಂದೂಗಳೂ ದರ್ಗಾದಲ್ಲಿ, ಹತ್ತೊಂಬತ್ತು ಬ್ಯಾರಿಗಳೂ ಚಾವಡಿಯಲ್ಲಿ. ಒಂದೆರಡು ಕಡೆ ಹಾಗಿದ್ದರೆ ಬರೆದವನ ಕೈತಪ್ಪು ಎನ್ನಬಹುದಿತ್ತು. ನಲವತ್ತೊಂದಕ್ಕೆ ನಲವತ್ತೊಂದು ಕೈತಪ್ಪಲ್ಲ. ಶಿಶಿರನ ಕಣ್ಣಿಗೆ ಇದು ಬೀಳಲಿಲ್ಲವೆನ್ನಲು ಅವನೇನು ಕುರುಡನೆ? ನೋಡಿದ್ದಾನೆ. ನೋಡಿಯೇ ತಿರುಗಿಸಿದ್ದಾನೆ.

ಅವನು ಸತ್ತ ದಿನ ಬಾರದ ಕೋಪ ಆ ಹೊತ್ತಿಗೆ ಬಂತು. ಬಂದು, ಎಲ್ಲಿ ಕೂರಬೇಕೆಂದು ತಿಳಿಯದ ನೆಂಟನ ಹಾಗೆ ನಿಂತೇ ಇತ್ತು.

"ಅತ್ತೆ," ಎಂದು ಅಡುಗೆಮನೆಗೆ ಹೋದಳು. ನೀಲಾವತಿ ಬಸಳೆ ಬಿಡಿಸುತ್ತಾ ಕೂತಿದ್ದರು. ಮಗನ ಮನೆಯಲ್ಲಿ ಸೊಸೆಯೊಬ್ಬಳೇ ಆಗುವುದು ಬೇಡವೆಂದು ಬೆಳ್ತಂಗಡಿಯಿಂದ ಜೊತೆಗೆ ಬಂದವರು. ಕೆಂಪು ರಟ್ಟು ಕಂಡದ್ದೇ ಅವರ ಕೈ ನಿಂತಿತು.

"ಇದು ಇನ್ನೂ ಇಲ್ಲೇ ಉಂಟಾ?" ಎಂದರು. "ಕೊಟ್ಟು ಬಂದೆ ಅಂತ ನನ್ನ ಹತ್ತಿರ ಹೇಳಿದ್ದ."

"ನಿಮಗೆ ಗೊತ್ತಿತ್ತಾ?"

"ಆ ಮುದುಕಿ, ರುಖಿಯಮ್ಮ, ಇವನ ಕೈಯಲ್ಲಿ ದರ್ಗಾದ ಮೆಟ್ಟಿಲಲ್ಲಿ ಆಣೆ ಹಾಕಿಸಿಯೇ ಪುಸ್ತಕ ಕೊಟ್ಟದ್ದು. ಮಳೆ ಹಿಡಿಯುವ ಮೊದಲು ವಾಪಸು ಕೊಡ್ತೇನೆ ಅಂತ. ಇವನು ಅದನ್ನು ತಮಾಷೆ ಮಾಡಿ ನನಗೆ ಹೇಳಿದ. ನನಗೆ ಎದೆ ಝಲ್ ಅಂತು. ಹೋಗಿ ಕೊಟ್ಟು ಬಾ ಮಗ ಅಂದೆ, ಕಾಲು ಹಿಡಿಯುವುದೊಂದು ಬಾಕಿ. ಮಳೆ ಹಿಡಿಯಿತು. ಜ್ವರ ಬಂತು."

"ಸೊಳ್ಳೆಯಿಂದ ಬಂದ ಜ್ವರ ಅತ್ತೆ ಅದು."

"ಹೌದು ಮಗಾ. ಸೊಳ್ಳೆ ಊರಿಗೆಲ್ಲ ಕಚ್ಚುತ್ತದೆ." ನೀಲಾವತಿ ಸೆರಗಿನಿಂದ ಕೈ ಒರೆಸಿಕೊಂಡರು. "ನಮ್ಮ ದೈವದ ಎದುರು ಹಾಕಿದ ಆಣೆಯಾಗಿದ್ದರೆ ನಾನು ತಪ್ಪು ಕಾಣಿಕೆ ಹಾಕಿ, ನೇಮದ ದಿನ ದೈವದ ಕಾಲಿಗೆ ಬಿದ್ದು ಬೇಡಿಕೊಂಡು, ಹೇಗಾದರೂ ಬಿಡಿಸಿಕೊಳ್ತಿದ್ದೆ. ನಮ್ಮದು ನಮಗೆ ಗೊತ್ತುಂಟು, ಎಲ್ಲಿ ಬಗ್ಗಿದರೆ ಎಲ್ಲಿ ಒಲಿಯುತ್ತದೆ ಅಂತ. ಅದು ಅವರದ್ದು. ಅಲ್ಲಿ ಹೋಗಿ ಯಾರ ಹತ್ತಿರ ಕೇಳುವುದು, ಹೇಗೆ ಕೇಳುವುದು?"

ಅಕ್ಷಿತಾ ನಿಂತಲ್ಲೇ ಗೋಡೆಗೆ ಒರಗಿದಳು. ಗಂಡ ತಿರುಗಿಸಿ ಬರೆದ ಪಟ್ಟಿಯ ಅರ್ಥವನ್ನು, ಏಳನೇ ಕ್ಲಾಸು ಓದಿದ ಅತ್ತೆ ಬಸಳೆ ಸೊಪ್ಪಿನೆದುರು ಕೂತು ಹೇಳಿಬಿಟ್ಟಿದ್ದರು. ಅಂದಿನವರು ಒಬ್ಬರನ್ನೊಬ್ಬರು ನಂಬಿ ಆಣೆ ಹಾಕಿದ್ದಲ್ಲ. ಸಂಶಯಪಟ್ಟೇ ಹಾಕಿದ್ದು. ನಿನ್ನ ದೈವದೊಡನೆ ನೀನು ಒಳಗೊಳಗೇ ರಾಜಿಯಾದೀಯೆ, ಬಾ, ನನ್ನ ಬಾಗಿಲಲ್ಲಿ ಆಣೆ ಹಾಕು. ನಾನೂ ನಿನ್ನ ಬಾಗಿಲಿಗೆ ಬರ್ತೇನೆ. ಮೇಷ್ಟ್ರುಗಳು ಹೇಳಿದ ಹಾಗೆ ಯಾರೂ ತಮ್ಮ ಬಾಗಿಲಿನಿಂದ ಹೊರಟಿರಲಿಲ್ಲ. ಒಬ್ಬರು ಇನ್ನೊಬ್ಬರ ಹೊಸ್ತಿಲಲ್ಲಿ ಒತ್ತೆಯಿದ್ದರು.

ಷರಾ ಕಾಲಮಿನಲ್ಲಿ ಇದಿನಬ್ಬ ವರ್ಷವರ್ಷವೂ ಬರೆದಿಟ್ಟಿದ್ದ. ದೇಜಪ್ಪನ ಮುಂದೆ: 'ಗದ್ದೆಯ ವ್ಯಾಜ್ಯದಲ್ಲಿ ಕೋರ್ಟಿಗೆ ಹೋಗಲಿಲ್ಲ. ಗದ್ದೆ ಹೋಯಿತು. ಮಾತು ಉಳಿಯಿತು.' ನಲವತ್ತೊಂದರಲ್ಲಿ ಆಣೆ ಮುರಿದವರು ಮೂವರೇ.

ಮಧ್ಯಾಹ್ನ ಜಯಪ್ರಕಾಶ್ ಬಂದರು. ಚಪ್ಪಲಿ ಬಿಟ್ಟು, ಶಿಶಿರನ ಫೋಟೋಕ್ಕೆ ಕೈ ಮುಗಿದು, ಕುರ್ಚಿ ಎಳೆದು ಕೂತರು. ಅಕ್ಷಿತಾ ಪುಸ್ತಕವನ್ನು ಅಡಗಿಸಲಿಲ್ಲ. ಮೇಜಿನ ಮೇಲೆ, ಅವರ ಕೈಗೆಟಕುವಲ್ಲೇ ಇಟ್ಟಿದ್ದಳು.

"ನೋಡಿದೆಯಲ್ಲ?" ಎಂದರು.

"ನೋಡಿದೆ ಮಾವ. ಲೇಖನದಲ್ಲಿ ಇರುವುದೊಂದು, ಪುಸ್ತಕದಲ್ಲಿ ಇರುವುದೊಂದು."

"ಲೇಖನ ಸರಿ ಉಂಟು."

"ನೀವು ಹೇಳಿ ಬರೆಸಿದ್ದಾ?"

"ನಾನು ಹೇಳಿದ್ದು ಹೌದು. ಅವನು ಬರೆದದ್ದೂ ಹೌದು. ನಾನೇನು ಅವನ ಕತ್ತಿಗೆ ಕತ್ತಿ ಹಿಡಿದಿದ್ದೆನಾ?" ಜಯಪ್ರಕಾಶ್ ನೀರು ಕುಡಿದು ಲೋಟ ಕೆಳಗಿಟ್ಟರು. "ನೋಡು ಅಕ್ಷಿತಾ, ನೀವು ಓದಿದವರು. ನಿಮಗೆ ಸತ್ಯ ಅಂದರೆ ಅಡಿಟಿಪ್ಪಣಿ. ನಮಗೆ ಊರಲ್ಲಿ ಬದುಕಬೇಕಲ್ಲ. ದೇಜಪ್ಪಜ್ಜ ದರ್ಗಾದಲ್ಲಿ ಆಣೆ ಹಾಕಿದ್ದು ಅಂತ ಅಚ್ಚಾದರೆ ಮೊದಲು ನಗುವವರು ನಮ್ಮವರೇ. ಆಮೇಲೆ ವಾಟ್ಸಾಪಿನಲ್ಲಿ ಒಬ್ಬ ಹಾಕ್ತಾನೆ, ಇವರ ಕುಟುಂಬವೇ ಹಾಗೆ ಅಂತ. ಅವರ ಕಡೆಯವರು ಮತ್ತೊಂದು ಹಾಕ್ತಾರೆ, ನೋಡಿ ನಿಮ್ಮಜ್ಜ ನಮ್ಮಲ್ಲಿ ಬಗ್ಗಿದ್ದು ಅಂತ. ಬೇಕಾ ನಮಗೆ?"

"ಅಜ್ಜ ಮಾಡಿದ್ದು ನಾಚಿಕೆಯದ್ದಾ ಮಾವ?"

"ಅಜ್ಜ ಮಾಡಿದ್ದು ಒಳ್ಳೆಯದೇ. ಕಾಲ ಒಳ್ಳೆಯದಲ್ಲ." ಅವರು ಮುಂದೆ ಬಾಗಿ ಕೈ ಚಾಚಿದರು. "ಕೊಡು, ಇದು ನಮ್ಮ ಮನೆಯ ಪೆಟ್ಟಿಗೆಯಲ್ಲಿ ಭದ್ರವಾಗಿ ಇರಲಿ."

"ಮುಟ್ಟಬೇಡ ಪ್ರಕಾಶ," ಎಂದರು ನೀಲಾವತಿ ಬಾಗಿಲಿನಿಂದ. "ಅದರ ಮೇಲೆ ಆಣೆ ಉಂಟು. ದರ್ಗಾದ್ದು. ಹಿಂದೆ ಕೊಡ್ತೇನೆ ಅಂತ ಹೇಳಿ ಕೊಡದೆ ಇಟ್ಟುಕೊಂಡವನು ಗೋಡೆಯಲ್ಲಿ ಕೂತಿದ್ದಾನೆ, ನೋಡು."

"ಎಂಥ ಮಾತು ಅಕ್ಕ ಇದು! ಇಪ್ಪತ್ತೊಂದನೇ ಶತಮಾನದಲ್ಲಿ…"

"ತಕೊ ಹಾಗಾದರೆ."

ಜಯಪ್ರಕಾಶ್ ನಕ್ಕರು. ನಗುತ್ತಲೇ ಇದ್ದರು, ಆದರೆ ಚಾಚಿದ ಕೈ ಮೇಜಿನ ಅಂಚಿನಲ್ಲಿ ನಿಂತಿತ್ತು. ಆಮೇಲೆ ಅದು ಲೋಟದ ಕಡೆಗೆ ಹೋಯಿತು. ಲೋಟದಲ್ಲಿ ನೀರಿರಲಿಲ್ಲ. ಅದನ್ನೇ ಎತ್ತಿ ಕುಡಿದ ಹಾಗೆ ಮಾಡಿ ಇಟ್ಟರು. ನೂರು ವರ್ಷದ ಹಿಂದೆ ಇದಿನಬ್ಬನೂ ದೇಜಪ್ಪನೂ ಯಾವ ಅಂಜಿಕೆಯನ್ನು ಲೆಕ್ಕಕ್ಕೆ ಹಿಡಿದು ಆ ಪಟ್ಟಿ ಮಾಡಿದ್ದರೋ, ಅದು ಮೂಡಬಿದಿರೆಯ ಬಾಡಿಗೆ ಮನೆಯಲ್ಲಿ ಸಣ್ಣಗೆ ಉಸಿರಾಡುತ್ತಿತ್ತು.

"ಪುಸ್ತಕ ಎಲ್ಲಿ ಬೇಕಾದರೂ ಇರಲಿ," ಎಂದರು ಜಯಪ್ರಕಾಶ್ ಏಳುತ್ತಾ. "ಲೇಖನ ಮಾತ್ರ ನಾಳೆ ಸಂಜೆಯೊಳಗೆ ಮೇಲ್ ಮಾಡು. ಅವನ ಹೆಸರಿನಲ್ಲಿ ಬರುವ ಕೊನೆಯ ಬರಹ ಅದು. ಫೋಟೋ ಹಾಕಿ, ಪುಟ ತುಂಬಾ ಹಾಕಿಸ್ತೇನೆ."

ಅಕ್ಷಿತಾ ಖಾಲಿ ಲೋಟ ಎತ್ತಿಕೊಂಡಳು. ಕೊನೆಯ ಬರಹ ಎಂಬ ಮಾತು ಮಾತ್ರ ಅವಳಲ್ಲಿ ಉಳಿಯಿತು. ಗಂಡನ ಹೆಸರಿನಡಿ ಉಳಿಯುವುದು ಒಂದು ಸುಳ್ಳೋ, ಅಥವಾ ಏನೂ ಇಲ್ಲವೋ? ಅದನ್ನು ತೀರ್ಮಾನಿಸಬೇಕಾದವಳು ಈಗ ಅವಳೊಬ್ಬಳೇ.

ಮರುದಿನ ಬೆಳಿಗ್ಗೆ ಅವಳು ಪುಸ್ತಕವನ್ನೂ ಪ್ರಿಂಟನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಮೂಡಬಿದಿರೆಯಿಂದ ಬಿ.ಸಿ.ರೋಡಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಸಂಶಯ ಬೇರೆ ದಿಕ್ಕಿಗೆ ತಿರುಗಿ ಕಾಡಿತು. ಯಾರಿಗೂ ತೋರಿಸಬೇಡಿ ಎಂದಿದ್ದಳಲ್ಲ ಜುಲೈಕಾ? ಅವರ ಅಜ್ಜ ದೈವದ ಚಾವಡಿಯಲ್ಲಿ ತಲೆಬಾಗಿದ್ದು ಅವರಿಗೂ ಹಿತವಲ್ಲದ ಸಂಗತಿಯೇ ಇರಬೇಕು. ಕೊಟ್ಟ ಸಂಜೆಯೇ ಪುಸ್ತಕ ಬಚ್ಚಲಿನ ಒಲೆಗೆ ಹೋದರೆ? ರಾತ್ರಿ ತೆಗೆದ ಇಪ್ಪತ್ತಾರೂ ಹಾಳೆಯ ಫೋಟೋ ಅವಳ ಫೋನಿನಲ್ಲಿತ್ತು. ಆದರೆ ಫೋನಿನ ಫೋಟೋವನ್ನು ಈಗ ಯಾರು ನಂಬುತ್ತಾರೆ? ನೀನೇ ಮಾಡಿಸಿದ್ದು ಎಂದರೆ ಮುಗಿಯಿತು. ಬಿ.ಸಿ.ರೋಡಿನಲ್ಲಿ ಇಳಿದವಳು ವಾಪಸು ಬಸ್ಸು ಹತ್ತಲೇ ಎಂದು ಐದು ನಿಮಿಷ ನಿಂತಳು. ಆಮೇಲೆ ರಿಕ್ಷಾಕ್ಕೆ ಕೈ ತೋರಿಸಿದಳು.

ಪಾಣೆಮಂಗಳೂರಿನ ಮನೆ ಹೊಳೆಗೆ ಬೆನ್ನು ಹಾಕಿ ನಿಂತಿತ್ತು. ಜುಲೈಕಾ ಅಂಗನವಾಡಿ ಟೀಚರು, ನಲವತ್ತರ ಹತ್ತಿರದವಳು. ಅವಳ ಕಣ್ಣು ಮೊದಲು ಹೋದದ್ದು ಚೀಲಕ್ಕೆ. ಒಳಗೆ ಮಂಚದ ಮೇಲೆ ಅವಳ ತಾಯಿ ರುಖಿಯಮ್ಮ ಕೂತಿದ್ದರು. ಎಂಬತ್ತು ದಾಟಿದ, ಸಣ್ಣಗಿನ, ಚೂಪು ಕಣ್ಣಿನ ಮುದುಕಿ, ಇದಿನಬ್ಬನ ಮೊಮ್ಮಗಳು.

"ಬಾ ಮಗಾ, ಕೂತುಕೊ," ಎಂದರು ತುಳುವಿನಲ್ಲಿ. "ನಿನ್ನ ಗಂಡ ಒಳ್ಳೆಯವನು. ಹೆದರುಪುಕ್ಕಲ."

ಯಾರೂ ಅವಳಿಗೆ ಇಷ್ಟು ದಿನ ಹೀಗೆ ಹೇಳಿರಲಿಲ್ಲ. ಎಲ್ಲರೂ ದೇವರಂಥವನು ಎಂದೇ ಹೇಳಿದ್ದರು.

"ಯಾಕೆ ಹಾಗೆ ಹೇಳ್ತೀರಿ ಅಮ್ಮ?"

"ಪುಸ್ತಕ ಕೊಡುವಾಗ ಎರಡು ಮಾತು ಆಗಿತ್ತು. ಮಳೆಗೆ ಮೊದಲು ಕೊಡಬೇಕು. ಕೊಡುವಾಗ, ನೀನು ಬರೆದದ್ದನ್ನು ನನಗೆ ಓದಿ ಹೇಳಿ ಕೊಡಬೇಕು. ನನಗೆ ಅಕ್ಷರ ಬರುವುದಿಲ್ಲ. ಬರಹದವರು ಏನು ಬರೆದರೂ ನನಗೆ ಗೊತ್ತಾಗುವುದಿಲ್ಲವಲ್ಲ. ಅದಕ್ಕೆ ಮೆಟ್ಟಿಲಿಗೆ ಕರಕೊಂಡು ಹೋದದ್ದು. ಬರಲಿಲ್ಲ. ಪುಸ್ತಕದ ಆಸೆಗೆ ಬಾರದೆ ಇದ್ದದ್ದಲ್ಲ. ನನ್ನೆದುರು ಓದಬೇಕಲ್ಲ, ಅದಕ್ಕೆ."

ಜುಲೈಕಾ ಗೋಡೆ ನೋಡುತ್ತಿದ್ದಳು. "ಉಮ್ಮ, ಅದನ್ನೆಲ್ಲ ಈಗ ಯಾಕೆ…"

"ನೀನು ಸುಮ್ಮನಿರು. ಓದು ಮಗಾ."

ಚೀಲದಲ್ಲಿ ಎರಡೂ ಇದ್ದವು. ಲೇಖನ ಎರಡು ಪುಟ. ಓದಿದರೆ ಐದು ನಿಮಿಷ, ಮುದುಕಿಗೆ ಸಮಾಧಾನ, ಸತ್ತವನ ಮಾತೂ ಪೂರ್ತಿಯಾದಂತೆ. ಅಕ್ಷಿತಾ ಕೆಂಪು ರಟ್ಟಿನದ್ದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಒಂದನೇ ಹೆಸರಿನಿಂದ ಓದತೊಡಗಿದಳು. ದೇಜಪ್ಪ, ದರ್ಗಾ. ಇದಿನಬ್ಬ, ದೈವದ ಚಾವಡಿ. ಸೇಸಪ್ಪ, ದರ್ಗಾ. ಕೆಲವು ಹೆಸರಿಗೆ ರುಖಿಯಮ್ಮ ತಲೆದೂಗಿದರು. ಒಂದು ಕಡೆ ನಕ್ಕರು. "ಈ ಮಯ್ಯದ್ದಿ ಚಾವಡಿಯಲ್ಲಿ ಆಣೆ ಹಾಕಿ ಬಂದು ಮೂರು ದಿನ ಊಟ ಬಿಟ್ಟಿದ್ದನಂತೆ. ದೈವ ಮುನಿದರೆ ಮಸೀದಿಯ ಯಾವ ಮುಸ್ಲಿಯಾರ್ ಮಂತ್ರಿಸಿ ಬಿಡಿಸ್ತಾನೆ ಅಂತ ಅವನಿಗೆ ಹೆದರಿಕೆ. ಅಜ್ಜ ಹೇಳ್ತಿದ್ದರು, ಆ ಹೆದರಿಕೆಯಿಂದಲೇ ಅವನು ಸಾಯುವವರೆಗೆ ಖಾದಿ ಬಿಡಲಿಲ್ಲ."

ನಲವತ್ತೊಂದೂ ಮುಗಿಸಿ ಅಕ್ಷಿತಾ ಪುಸ್ತಕ ಮುಚ್ಚಿದಳು.

"ಅವನೂ ಹೀಗೆಯೇ ಬರೆದಿದ್ದನಾ?" ರುಖಿಯಮ್ಮ ಕೇಳಿದರು.

ಹೌದು ಎಂದರೆ ಯಾರಿಗೂ ನಷ್ಟವಿರಲಿಲ್ಲ. ಅವನು ಇಲ್ಲ, ಮುದುಕಿಗೆ ಅಕ್ಷರ ಬರುವುದಿಲ್ಲ.

"ಇಲ್ಲ ಅಮ್ಮ," ಎಂದಳು ಅಕ್ಷಿತಾ. "ತಿರುಗಿಸಿ ಬರೆದಿದ್ದರು. ಹಿಂದೂಗಳನ್ನು ಚಾವಡಿಗೆ, ಬ್ಯಾರಿಗಳನ್ನು ದರ್ಗಾಕ್ಕೆ. ನಮ್ಮ ಮಾವ ಹೇಳಿದ್ದಕ್ಕೆ."

"ನಿಮ್ಮ ಮಾವ ಮಾತ್ರ ಅಲ್ಲ ಟೀಚರ್," ಎಂದಳು ಜುಲೈಕಾ. ಅವಳ ದನಿ ಇಳಿದಿತ್ತು. "ನಾನೂ ಹೇಳಿದ್ದೆ. ಅಣ್ಣ ಸೌದಿಯ ದಮ್ಮಾಮಿನಿಂದ ಫೋನು ಮಾಡಿ ಬೈದ. ಅಜ್ಜ ದೈವದ ಎದುರು ನಿಂತದ್ದು ಅಚ್ಚಾದರೆ ನಮ್ಮ ಮಕ್ಕಳಿಗೆ ಸಂಬಂಧ ಯಾರು ಕೊಡ್ತಾರೆ ಅಂತ. ನಾನು ಸಾರ್‌ನಿಗೆ ಫೋನು ಮಾಡಿ ಮಾಡಿ ಹೇಳಿದೆ, ಅವರವರನ್ನು ಅವರವರ ಜಾಗದಲ್ಲಿ ಇಟ್ಟು ಬರೆಯಿರಿ ಅಂತ. ಮೊದಮೊದಲು ಎತ್ತುತ್ತಿದ್ರು. ಆಮೇಲೆ ಎತ್ತಲಿಲ್ಲ."

ಶಿಶಿರ ಎತ್ತದ ಆ ಹತ್ತೊಂಬತ್ತು ಕರೆಗಳಿಗೆ ಅದು ಉತ್ತರ. ಬೆಳ್ತಂಗಡಿಯ ಮಾವನೂ ಪಾಣೆಮಂಗಳೂರಿನ ಅಂಗನವಾಡಿ ಟೀಚರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ, ಒಬ್ಬರ ಮೇಲೊಬ್ಬರಿಗೆ ಬೆಟ್ಟದಷ್ಟು ಸಂಶಯ. ಆದರೆ ಶಿಶಿರನ ಕಿವಿಯಲ್ಲಿ ಇಬ್ಬರೂ ಹೇಳಿದ್ದು ಒಂದೇ ಮಾತು. ಅವನು ಇಬ್ಬರ ಮಾತಿಗೂ ತಲೆಯಾಡಿಸಿದ್ದ. ಮೂರನೆಯವಳ ಎದುರು ನಿಲ್ಲಲಾರದೆ ಪುಸ್ತಕವನ್ನು ಹೆಂಡತಿಯ ಧಾರೆ ಸೀರೆಯೊಳಗೆ ತುರುಕಿದ್ದ. ಹೆದರುಪುಕ್ಕಲ. ಮುದುಕಿ ಹೇಳಿದ್ದರಲ್ಲಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

"ಆ ಲೇಖನ ಅಚ್ಚಾಗುವುದಿಲ್ಲ," ಎಂದಳು ಅಕ್ಷಿತಾ. "ಮಾವನಿಗೆ ನಾನು ಕಳಿಸುವುದಿಲ್ಲ."

"ಹಾಗಾದರೆ ಸರಿ ಮಾಡಿ ಬೇರೆ ಕಡೆ ಹಾಕಿಸ್ತೀರಾ?" ಜುಲೈಕಾಳ ಕಣ್ಣು ಕಿರಿದಾಯಿತು. "ಫೋಟೋ ತೆಗೆದಿಟ್ಟಿರಬೇಕಲ್ಲ?"

"ತೆಗೆದಿದ್ದೇನೆ. ಏನು ಮಾಡ್ತೇನೆ ಅಂತ ಇನ್ನೂ ಗೊತ್ತಿಲ್ಲ. ನೀವು ಇದನ್ನು ಏನು ಮಾಡ್ತೀರಿ ಅಂತ ನನಗೂ ಗೊತ್ತಿಲ್ಲ."

ರುಖಿಯಮ್ಮನಿಗೆ ಅದು ಹಿಡಿಸಿದಂತೆ ಕಂಡಿತು. "ಮಾತು ಚೊಕ್ಕ ಉಂಟು," ಎಂದರು. "ನಾನು ಇರುವ ತನಕ ಇದು ನನ್ನ ತಲೆದಿಂಬಿನ ಅಡಿ. ಆಮೇಲಿನದ್ದು ಇವಳ ಕೈಯಲ್ಲಿ."

ಅಕ್ಷಿತಾ ಪುಸ್ತಕವನ್ನು ಎರಡು ಕೈಯಲ್ಲಿ ಎತ್ತಿ ಜುಲೈಕಾಳ ಕಡೆ ಹಿಡಿದಳು. ಜುಲೈಕಾ ತೆಗೆದುಕೊಂಡು, ಏನೋ ಕೇಳಲು ಹೋಗಿ ನಾಚಿ ನಿಲ್ಲಿಸಿದಳು.

"ಎಣಿಸಿ ತಕೊಳ್ಳಿ," ಎಂದಳು ಅಕ್ಷಿತಾ.

ಜುಲೈಕಾ ನೆಲದ ಮೇಲೆ ಕೂತು, ಬೆರಳಿಗೆ ಉಗುಳು ತಾಗಿಸದೆ, ಹಾಳೆಯ ತುದಿ ಹಿಡಿದು ಒಂದೊಂದಾಗಿ ತಿರುವಿದಳು. ಅಕ್ಷಿತಾ ಎದುರಿಗೆ ಕೂತು ಅವಳ ಜೊತೆಗೇ ಎಣಿಸಿದಳು. ಇಪ್ಪತ್ತಾರು ಹಾಳೆ. ಎಲ್ಲವೂ ಇದ್ದವು.